ದನಿ ಕೇಳಿಸದೆ ಕೊಟ್ಟ ಆಕ್ಸಲ್

"ಅಕ್ಕಾ, ಕಾಂತೇಶಣ್ಣ ಬಂದ!" ಎಂದು ಮಧು ಬಾಗಿಲಿನಿಂದ ಕೂಗಿದಾಗ ಮಹಾನಂದಾ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಶೀನಿನ ಹಿಂದೆ ಕುಳಿತುಬಿಟ್ಟಳು. ಬಿದ್ದ ನಟ್ ಹುಡುಕುವವಳ ಹಾಗೆ ನೆಲವನ್ನು ಸವರತೊಡಗಿದಳು. ಯಾವ ನಟ್ಟೂ ಬಿದ್ದಿರಲಿಲ್ಲ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಚಪ್ಪಲಿ ಸದ್ದು ನೇರವಾಗಿ ಲೇಥ್ ಹತ್ತಿರವೇ ಬಂದು ನಿಂತಿತು.

"ಮಶೀನಿನ ಹಿಂದ ಅಡಗಿ ಕುಂತ್ರ ಕಾಣಂಗಿಲ್ಲ ಅಂತ ತಿಳದೀರೇನ್ರಿ? ಹೆರಳ ಹೊರಗ ಐತಿ."

ಅವಳು ಎದ್ದು ನಿಂತಳು. ಕಿವಿ ಬಿಸಿಯಾಗಿತ್ತು. "ಅಡಗಿಲ್ರಿ. ನಟ್ ಬಿದ್ದಿತ್ತು."

"ಸಿಕ್ತೇನು?"

"ಹೂಂ."

"ಎಲ್ಲಿ, ತೋರಸ್ರಿ."

ಅವಳು ಮುಷ್ಟಿ ಬಿಚ್ಚಿದಳು. ಲೇಥ್‌ನಿಂದ ಉದುರಿದ ಕಬ್ಬಿಣದ ಸುರುಳಿಯೊಂದು ಅಂಗೈಯಲ್ಲಿತ್ತು.

"ನಟ್ಟು ಭಾಳ ಸೊರಗೇತಿ ಬಿಡ್ರಿ," ಎಂದು ಕಾಂತೇಶ ನಕ್ಕ. ಅವನ ನಗು ಮೊದಲು ತುಟಿಯ ಬಲಗಡೆ ಶುರುವಾಗಿ, ಯೋಚನೆ ಮಾಡಿ, ಆಮೇಲೆ ಎಡಗಡೆಗೆ ಬರುತ್ತಿತ್ತು. ಹಿಂದೆಲ್ಲ ಆ ನಗು ಎಡಗಡೆಗೆ ಬರುವುದನ್ನೇ ಅವಳು ಕಾಯುತ್ತಿದ್ದಳು. ಈಗ ಒಂದು ವರ್ಷದಿಂದ ಅದು ಬಂದರೆ ನೆಲ ನೋಡುತ್ತಾಳೆ. ಅವನ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಆ ಕೈಯ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ.

ಅಂಗಳದಲ್ಲಿ ಅವನ ಬಿಳಿ ಕಾರು ನಿಂತಿತ್ತು. ತಲೆಯ ಮೇಲೆ 'ಕಾಂತೇಶ ಡ್ರೈವಿಂಗ್ ಸ್ಕೂಲ್, ರಾಮದುರ್ಗ' ಎಂಬ ಬೋರ್ಡು, ಹಿಂದೆ ಮುಂದೆ ಕೆಂಪು ಎಲ್. ರ್‍ಯಾಲಿಗಳಲ್ಲಿ ಧೂಳೆಬ್ಬಿಸಿ ಓಡಿಸುತ್ತಿದ್ದವನು ಈಗ ಮಾಸ್ತರರಿಗೂ ಕಿರಾಣಿ ಅಂಗಡಿಯವರಿಗೂ ಕ್ಲಚ್ ಬಿಡುವುದನ್ನು ಕಲಿಸುತ್ತಾನೆ. ಅದಕ್ಕೆ ಕಾರಣ ತಾನೇ ಎಂದು ಮಹಾನಂದಾಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಸವದತ್ತಿ ರಸ್ತೆಯ ಈ ವರ್ಕ್‌ಶಾಪಿಗೆ 'ನಿಜಗುಣ ಪರ್ಫಾರ್ಮನ್ಸ್ ಪಾರ್ಟ್ಸ್' ಎಂದು ದೊಡ್ಡ ಬೋರ್ಡ್ ಇದ್ದರೂ ಬೈಲಹೊಂಗಲದ ಜನ ಅದನ್ನು ಇನ್ನೂ ಟ್ರೇಲರ್ ನಿಜಗುಣಪ್ಪನ ಅಂಗಡಿ ಎಂದೇ ಕರೆಯುತ್ತಾರೆ. ಈ ದಸರೆಗೆ ಅಂಗಡಿಗೆ ಇಪ್ಪತ್ತೈದು ತುಂಬುತ್ತದೆ. ಅದಕ್ಕೊಂದು ಸಣ್ಣ ಸಿನಿಮಾ ಮಾಡೋಣವೆಂದು ಹಟ ಹಿಡಿದವಳು ಚಿಕ್ಕಪ್ಪನ ಮಗಳು ಮಧು. ಊರಿನ ಮದುವೆಗಳಿಗೆಲ್ಲ ವಿಡಿಯೋ ತೆಗೆಯುವವಳು ಅವಳು. ಹಾಗಾಗಿ ಅಂಗಡಿಯಲ್ಲಿ ಮಾಡುವ ಗಾಲಿಯ ಅಚ್ಚುಗಳನ್ನೂ, ಅಂದರೆ ಆಕ್ಸಲ್ಲುಗಳನ್ನೂ, ಮದುಮಗಳಂತೆಯೇ ತೋರಿಸುತ್ತಿದ್ದಳು. ಮೊದಲು ಪಾದ, ಆಮೇಲೆ ಮೆಲ್ಲಗೆ ಮೇಲಕ್ಕೆ.

ಮಹಾನಂದಾಳ ತಂದೆ ನಿಜಗುಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿಯೊಂದಿಗೆ ಕ್ಯಾಮೆರಾ ಮುಂದೆ ಕುಳಿತಿದ್ದರು. ಮಶೀನುಗಳ ಸದ್ದಿನಲ್ಲೇ ಬಾಳಿದ್ದರಿಂದ ಅವರ ಕಿವಿ ಮಂದವಾಗಿತ್ತು. ಅದಕ್ಕೇ ಅವರು ಜಗತ್ತೇ ಕಿವುಡೆನ್ನುವ ಹಾಗೆ ಮಾತಾಡುತ್ತಿದ್ದರು.

"ಮದಲ ನಾ ಕಬ್ಬಿನ ಟ್ರೇಲರಿಗೆ ಆಕ್ಸಲ್ ಮಾಡ್ತಿದ್ದೆ. ಎಂ.ಕೆ. ಹುಬ್ಬಳ್ಳಿ ಸಕ್ರಿ ಫ್ಯಾಕ್ಟರಿಗೆ ಹೊಂಟ ಟ್ರೇಲರ್ ನೋಡೀರಿಲ್ಲೋ? ಎರಡ ಟ್ರೇಲರಿನ ಕಬ್ಬ ಒಂದ್ರಾಗ ಹೇರತಾರ ನಮ್ಮ ಮಂದಿ. ಅದರ ಕೆಳಗ ಮುರೀದಂಥಾ ಆಕ್ಸಲ್ ಮಾಡಿದಂವಗ ರೇಸಿನ ಕಾರ ಏನ ದೊಡ್ಡದು? ಒಂದಿನ ಕಿತ್ತೂರ ಹತ್ರ ಹೈವೇದಾಗ ಪುಣೆಯವರ ರ್‍ಯಾಲಿ ಕಾರ ಆಕ್ಸಲ್ ಮುರಕೊಂಡ ನಿಂತಿತ್ತು. ಯಾರೋ ನನ್ನ ಹತ್ರ ಕಳಿಸಿದ್ರು. ಟ್ರೇಲರಿನ ಉಕ್ಕ ಹಾಕಿ ಸಂಜೀಕ ಮಾಡಿ ಕೊಟ್ಟೆ. ಆ ಕಾರ ಗೆದ್ದ ಬಂತು. ಅಲ್ಲಿಂದ ಕೊಯಮತ್ತೂರು, ಪುಣೆ, ಕೊಚ್ಚಿ, ಎಲ್ಲಾ ಕಡೆಯಿಂದ ಕೇಳಾಕತ್ರು."

"ದೊಡ್ಡಪ್ಪಾ, ನಮ್ಮ ಸ್ಪೆಶಾಲಿಟಿ ಹೇಳ್ರಿ!" ಮಧು ಕೂಗಿದಳು.

ನಿಜಗುಣಪ್ಪ ಹಗ್ಗಕ್ಕೆ ತೂಗುಹಾಕಿದ್ದ ಆಕ್ಸಲ್ಲೊಂದನ್ನು ನಟ್ಟು ಬಿಚ್ಚುವ ಪಾನಾದಿಂದ ಹೊಡೆದರು. ಗುಡಿಯ ಗಂಟೆಯ ಹಾಗೆ ಉದ್ದಕ್ಕೆ ದನಿ ಹೋಯಿತು.

"ಇದ ನೋಡ. ಉಕ್ಕ ಕಾಸಿ ಎಣ್ಣಿಯಾಗ ಅದ್ದಿದಾಗ ಒಮ್ಮೊಮ್ಮೆ ಒಳಗ ಬಿರಕ ಬಿಡತೈತಿ. ಕಣ್ಣಿಗೆ ಕಾಣಂಗಿಲ್ಲ. ಹೊಡದ್ರ ಗೊತ್ತಾಗತೈತಿ, ದನಿ ಸತ್ತಿರತೈತಿ. ಚಲೋ ಇದ್ದದ್ದಕ್ಕ ಪೇಂಟಿನ ಕೆಂಪ ಚುಕ್ಕಿ ಇಡತೇವಿ. ಮತ್ತ ಕೊಡೂ ಮುಂದ ಗಿರಾಕಿ ಎದರಿಗೆ ಇನ್ನೊಮ್ಮೆ ಹೊಡೀತೇವಿ. ದನಿ ಕೇಳಿಸದ ಒಂದ ಆಕ್ಸಲ್ ಈ ಬಾಗಲಾ ದಾಟಿಲ್ಲ. ಈಗ ನನ್ನ ಕಿವಿ ಹೋಗ್ಯಾವು. ನನ್ನ ಮಗಳ ಕಿವಿ ಅದಾವು."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮಗಳು ಹೊರಗೆ ನೋಡಿದಳು. ಅಪ್ಪ ಹೇಳಿದ್ದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿತ್ತು. ಅದನ್ನು ಸುಳ್ಳು ಮಾಡಿದವಳು ಅವಳು.

ಮುಂದಿನ ಸರದಿ ಕಾಂತೇಶನದು. ಅವನು ಯಾಕೆ ಬಂದಿದ್ದಾನೆಂದು ಅವಳಿಗೆ ಆಗ ತಿಳಿಯಿತು.

"ಹೋದ ವರ್ಷ ರೇಸಿನ್ಯಾಗ ನನ್ನ ಜಿಪ್ಸಿ ಗಾಡಿ ಉರುಳಿದಾಗ ಮಂದಿ ಏನೇನೋ ಮಾತಾಡಿದ್ರು," ಎಂದು ಅವನು ಕ್ಯಾಮೆರಾ ನೋಡಿ ಹೇಳತೊಡಗಿದ. "ಬೈಲಹೊಂಗಲದ ಆಕ್ಸಲ್ ಕೈ ಕೊಡ್ತು ಅಂದ್ರು. ಇವರಿಗೆ ಬರೂ ಕೆಲಸಾನೂ ಕಡಿಮಿ ಆತು. ನಾ ಇವತ್ತ ಎಲ್ಲಾರ ಮುಂದ ಹೇಳತೇನಿ. ತಿರುವಿನ್ಯಾಗ ನಾ ತಪ್ಪಿಸಿದೆ. ಕಲ್ಲಿಗೆ ಹೊಡಿಸಿರಬೇಕು, ಅದಕ್ಕ ಆಕ್ಸಲ್ ಮುರೀತು. ತಪ್ಪ ನನ್ನ ಕೈದು, ಇವರ..."

"ಮಧು, ಕ್ಯಾಮೆರಾ ಬಂದ್ ಮಾಡ."

"ಯಾಕಕ್ಕಾ? ಎಷ್ಟ ಚಲೋ ಮಾತಾಡಾಕತ್ತಾನ!"

"ಬಂದ್ ಮಾಡ ಅಂದೆ. ಅಪ್ಪಾನ ಕರಕೊಂಡ ಹೋಗಿ ಚಾ ಕುಡದ ಬರ್ರಿ."

ಅವಳ ದನಿಯಲ್ಲಿ ಏನೋ ಇತ್ತು. ಮಧು ಕ್ಯಾಮೆರಾ ಆರಿಸಿ ದೊಡ್ಡಪ್ಪನನ್ನು ಕರೆದುಕೊಂಡು ಹೊರಟಳು.

ಹೋದ ವರ್ಷದ ದಸರೆಯ ಖಂಡೇಪೂಜೆ, ಆಯುಧಗಳ ಪೂಜೆಯ ದಿನ. ಅಂಗಡಿಯ ಪಾನಾ, ಸುತ್ತಿಗೆ, ಲೇಥ್, ಎಲ್ಲಕ್ಕೂ ಹೂವೇರಿಸಿ ಕುಂಕುಮ ಇಟ್ಟಿದ್ದವಳು ಮಹಾನಂದಾ. ನೀರಿನಲ್ಲಿ ಕಲಸಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆಂದು ಈ ಅಂಗಡಿಯಲ್ಲಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸುತ್ತಾರೆ. ಸಾಲಾಗಿ ನಿಲ್ಲಿಸಿದ ಹೊಸ ಆಕ್ಸಲ್ಲುಗಳಿಗೆ ಇಟ್ಟಾದ ಮೇಲೆ ಬೆಂಚಿನ ಕೆಳಗೆ ದನಿ ಸತ್ತ ಒಂದು ಬಿದ್ದಿದ್ದು ಕಂಡಿತು. ಹಬ್ಬದ ದಿನ ಅದೊಂದೇ ಯಾಕೆ ಕತ್ತಲಲ್ಲಿರಬೇಕು ಎನಿಸಿತು. ಎತ್ತಿ ಒರೆಸಿ, ಉಳಿದವುಗಳ ಪಕ್ಕ ನಿಲ್ಲಿಸಿ, ಅದಕ್ಕೂ ಒಂದು ಚುಕ್ಕಿ ಇಟ್ಟಳು. ಸಂಜೆ ತೆಗೆದಿಟ್ಟರಾಯಿತು ಎಂದುಕೊಂಡಳು. ಸಂಜೆ ಹೊತ್ತಿಗೆ ಮರೆತಳು.

ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಕಾಂತೇಶ ಬಂದ. ಘಟ್ಟದ ಕಡೆಯ ರ್‍ಯಾಲಿಗೆ ಹೊರಟಿದ್ದ, ಜಿಪ್ಸಿಗೊಂದು ಹೊಸ ಆಕ್ಸಲ್ ಬೇಕಿತ್ತು. ಕೈಯಲ್ಲಿ ಬನ್ನಿ ಎಲೆ, ತುಟಿಯ ಬಲಗಡೆ ನಗು.

"ಬನ್ನಿ ತಗೋರಿ. ಬಂಗಾರದಂಗ ಇರೂಣು ಅಂತಾರಲ್ರಿ," ಎಂದು ಎಲೆಯನ್ನು ಅವಳ ಅಂಗೈಗಿಟ್ಟು, ಬೆರಳು ಹಿಂದಕ್ಕೆ ತೆಗೆಯುವುದನ್ನು ತುಸು ತಡಮಾಡಿದ್ದ. "ಕೂಡಿ ಇರೂಣು ಅಂತ ನಾ ಒಂದ ಮಾತ ಸೇರಿಸಿದ್ರ ನಿಮ್ಮಪ್ಪಾ ಪಾನಾ ತಗೋತಾರೇನು?"

ಅವಳು ಉತ್ತರ ಹೇಳದೆ ಸಾಲಿನಿಂದ ಕೈಗೆ ಸಿಕ್ಕ ಆಕ್ಸಲ್ ಎತ್ತಿದಳು. ಕೆಂಪು ಚುಕ್ಕಿ ಇತ್ತು. ಹೊಡೆದು ಕೇಳಿಸಲು ಪಾನಾ ಹುಡುಕಿದಳು. ಅವನು, "ಅದರ ದನಿ ಯಾರಿಗೆ ಬೇಕ್ರಿ? ನೀವೊಂದ ಮಾತಾಡ್ರಿ, ಸಾಕು," ಎಂದ. ಅವಳು ನಾಚಿ, ನಕ್ಕು, ಆಕ್ಸಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟುಬಿಟ್ಟಳು.

ಆ ರೇಸಿನಲ್ಲಿ ಉರುಳಿದ ಜಿಪ್ಸಿ ನಜ್ಜುಗುಜ್ಜಾಗಿ ಅಂಗಡಿಗೇ ಬಂದಿತ್ತು. ಮುರಿದ ತುಂಡನ್ನು ಹೊರಗೆಳೆದವಳೂ ಅವಳೇ. ಆಗಷ್ಟೇ ಮುರಿದ ಉಕ್ಕು ಬೆಳ್ಳಗೆ ಹೊಳೆಯುತ್ತದೆ. ಇದರಲ್ಲಿ ಅರ್ಧ ಬೆಳ್ಳಗಿತ್ತು. ಉಳಿದರ್ಧ ಹಳೆಯ ಎಣ್ಣೆ ಕುಡಿದು ಕಪ್ಪಾಗಿತ್ತು; ಅಲ್ಲಿ ಬಿರುಕು ಮೊದಲೇ ಇತ್ತು. ಅದರ ಮೇಲಿನ ಕೆಂಪು ಚುಕ್ಕಿಯನ್ನು ಬಟ್ಟೆಯಿಂದ ಒರೆಸಿದಳು. ಪೇಂಟ್ ಆಗಿದ್ದರೆ ಹೋಗಬಾರದಿತ್ತು. ಬಟ್ಟೆಯೆಲ್ಲ ಕುಂಕುಮವಾಯಿತು.

ಈಗ ವರ್ಕ್‌ಶಾಪಿನಲ್ಲಿ ಅವರಿಬ್ಬರೇ ಇದ್ದರು. ಮಹಾನಂದಾ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಗಂಟು ತಂದು ಬೆಂಚಿನ ಮೇಲಿಟ್ಟಳು. ಕೆಂಪು ಕಲೆಯ ಅದೇ ಬಟ್ಟೆ, ಅದೇ ತುಂಡು.

"ಕಲ್ಲ ಇರಲಿಲ್ರಿ," ಎಂದಳು.

"ಯಾವ ಕಲ್ಲು?"

"ನೀವು ತಿರುವು ತಪ್ಪಿಸಲಿಲ್ಲ. ಆಕ್ಸಲ್ ಮದಲ ಮುರೀತು. ಬಿರಕ ಬಿಟ್ಟದ್ದಿತ್ತು ಅದು. ಪೂಜಿ ದಿನಾ ನಾನ ಅದಕ್ಕ ಕುಂಕುಮಾ ಹಚ್ಚಿದೆ, ಮರುದಿನಾ ನಾನ ಅದನ್ನ ನಿಮಗ ಕೊಟ್ಟೆ."

ಕಾಂತೇಶ ತುಂಡನ್ನು ಬಲಗೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಬೆಳ್ಳಗಿನದನ್ನೂ ನೋಡಿದ, ಕಪ್ಪನೆಯದನ್ನೂ ನೋಡಿದ. ಅವನಿಗೆ ವಿವರಿಸುವ ಅಗತ್ಯವಿರಲಿಲ್ಲ.

"ಯಾವಾಗ ಗೊತ್ತಾತು?"

"ಜಿಪ್ಸಿ ಇಲ್ಲಿಗೆ ತಂದ ದಿನಾನ."

"ಅಂದ್ರ ದವಾಖಾನಿಗೆ ಬಂದಿದ್ರೆಲ್ಲ, ಹೋಳಿಗಿ ಮಾಡಿಕೊಂಡು. ಅವಾಗ?"

"ಗೊತ್ತಿತ್ತು."

"ನಾ ಮಂಚದ ಮ್ಯಾಲ ಕುಂತು ನನ್ನ ಕೈನ ಬೈಕೋತಿದ್ದೆ. ನೀವು ಹೋಳಿಗಿ ಮುರದ ಮುರದ ನನ್ನ ಬಾಯಾಗ ಇಡಾಕತ್ತಿದ್ರಿ."

"ಹೌದ್ರಿ."

ಅವನು ತುಂಡನ್ನು ಮೆಲ್ಲಗೆ ಇಟ್ಟ. ಎಸೆದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

"ಕೈ ಹೋತಂತ ಸಿಟ್ಟಿಲ್ರಿ ನನಗ. ತಪ್ಪ ಎಲ್ಲಾರಿಗೂ ಆಗತೈತಿ. ಆ ತಿರುವು ನನಗ ಕಣ್ಣ ಮುಚ್ಚಿದ್ರೂ ಬರತಿತ್ತು. ಹೆಂಗ ತಪ್ಪಿತು, ಹೆಂಗ ತಪ್ಪಿತು ಅಂತ ನಾ ವರ್ಷ ಪೂರ್ತಿ ಅದ ತಿರುವಿನ್ಯಾಗ ನಿಂತೇನಿ. ಕೈ ಸುಮಾರ ಆರಾಮ ಆದ ಮ್ಯಾಲ ಡಾಕ್ಟರ್ ರೇಸಿನ ಗಾಡಿ ಓಡಸಬಹುದು ಅಂದ್ರು. ನಾ ಓಡಸಲಿಲ್ಲ. ನನ್ನ ಮ್ಯಾಲ ನನಗ ನಂಬಿಕಿ ಹೋಗಿತ್ತು. ನೀವು ಒಂದ ಮಾತ ಹೇಳಿದ್ರ ನಾ ಆ ತಿರುವಿನಿಂದ ಹೊರಗ ಬರತಿದ್ದೆ."

ಮಹಾನಂದಾಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ತುಟಿ ಕಚ್ಚಿ ತಡೆದಳು. ಹೇಳಬೇಕಾದದ್ದು ಇನ್ನೂ ಒಂದಿತ್ತು. ಅದನ್ನೂ ಇಟ್ಟುಕೊಂಡರೆ ಮತ್ತೆ ಮುಚ್ಚಿಟ್ಟಂತಾಗುತ್ತದೆ.

"ಕೈಯಾಗ ಹಿಡದ ಸರಿಯಾಗಿ ನೋಡಿದ್ರ ಪೇಂಟ್ ಯಾವುದು ಕುಂಕುಮಾ ಯಾವುದು ಅಂತ ನನಗ ಗೊತ್ತಾಗತಿತ್ತು. ನಾ ಆವತ್ತ ಆಕ್ಸಲ್ ನೋಡಲಿಲ್ರಿ. ನಿಮ್ಮನ್ನ ನೋಡಾಕತ್ತಿದ್ದೆ. ಮದಲಿಂದ ಹಂಗ ನೋಡಕೋತ ಬಂದೇನಿ."

ಇಂಥ ಮಾತು ಕೇಳಲೆಂದೇ ಕಾಂತೇಶ ತನ್ನ ಊರಾದ ಸಾಲಹಳ್ಳಿಯಿಂದ ನೆವ ಹುಡುಕಿ ಹುಡುಕಿ ಈ ಅಂಗಡಿಗೆ ಬರುತ್ತಿದ್ದ. ಎಷ್ಟೋ ಸಲ ಚೆನ್ನಾಗಿದ್ದ ಬೇರಿಂಗನ್ನೂ ಬದಲಿಸಿಕೊಂಡು ಹೋಗಿದ್ದ.

"ಇದನ್ನ ಹೇಳಾಕ ನಿಮಗ ಇದ ದಿನಾ ಸಿಕ್ತೇನ್ರಿ?" ಎಂದ. ದನಿ ಒಡೆದಿತ್ತು.

ಅವನು ಹೊರಗೆ ಹೋದ. ಎಲ್ ಬೋರ್ಡಿನ ಕಾರು ಅಂಗಳದಿಂದ ಹೊರಟಿತು. ಗೇರು ಬದಲಿಸುವಾಗ ಎಡಗೈ ಸೋತು ಕರ್‍ರೆಂದು ಸದ್ದಾಯಿತು.

ಅಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಕಾರಣ, ಅದನ್ನು ಕೂಗಿ ಹೇಳಬೇಕಾಗಿತ್ತು.

ಚಹಾ ಮುಗಿಸಿ ಬಂದ ನಿಜಗುಣಪ್ಪನವರ ಪಕ್ಕ ಕುಳಿತು ಅವಳು ಮೊದಲು ಮೆಲ್ಲಗೆ ಹೇಳಿದಳು. ಅವರು ಕಿವಿಗೆ ಕೈ ಹಿಡಿದು, "ಆಂ?" ಎಂದರು. ಮತ್ತೆ ಹೇಳಿದಳು. "ಯಾರಿಗೆ ಕೊಟ್ಟಿ? ಏನ ಕೊಟ್ಟಿ? ಜೋರಾಗಿ ಹೇಳವ್ವಾ!" ಊಟದಿಂದ ಮರಳಿದ ಕೆಲಸಗಾರರು ಮಶೀನು ಚಾಲೂ ಮಾಡಿದ್ದರು. ಮಹಾನಂದಾ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಬಿರಕ ಬಿಟ್ಟ ಆಕ್ಸಲ್ ಕಾಂತೇಶಗ ನಾನ ಕೊಟ್ಟೆ! ದನಿ ಕೇಳಿಸದ ಕೊಟ್ಟೆ! ವರ್ಷಾತು, ಯಾರಿಗೂ ಹೇಳಿಲ್ಲ!"

ಲೇಥ್‌ಗಳು ಒಂದೊಂದಾಗಿ ನಿಂತವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮಧು ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಳಿಸಿದಳು.

ನಿಜಗುಣಪ್ಪ ಮುರಿದ ತುಂಡನ್ನು ತರಿಸಿಕೊಂಡು ಹೆಬ್ಬೆರಳಿನಿಂದ ಕಪ್ಪು ಭಾಗವನ್ನು ಸವರಿದರು. ತಮ್ಮ ಹೆಸರನ್ನೇ ಸವರಿದ ಹಾಗಿತ್ತು ಆ ಸವರುವಿಕೆ.

"ಕಿವುಡಾದಂವಾ ನಾನು," ಎಂದರು ಕೊನೆಗೆ. ಈ ಸಲ ದನಿ ಸಣ್ಣದಿತ್ತು. "ನೀ ಯಾಕ ಮೂಕಿ ಆದಿ?"

ಅವಳು ಅವರ ಮೊಣಕಾಲ ಮೇಲೆ ತಲೆಯಿಟ್ಟಳು. ಅವರು ತಲೆ ಸವರಲಿಲ್ಲ. ಸರಿಸಲೂ ಇಲ್ಲ.

"ಅಂಗಡಿ ಹೆಸರ ಹೋಗತೈತಿ ಅಂತ ಅಂಜಿದೆ, ಅಪ್ಪಾ. ಆಮ್ಯಾಲ ಅಂವನ ಮುಖಾ ನೋಡಿ ಅಂಜಿದೆ."

"ಹೆಸರ?" ನಿಜಗುಣಪ್ಪ ಮಧುವಿನ ಕಡೆ ತಿರುಗಿದರು. "ಆ ಡಬ್ಬಿ ಚಾಲೂ ಮಾಡ. ನಾ ಬೆಳಿಗ್ಗೆ ಒಂದ ಮಾತ ತಪ್ಪ ಹೇಳೇನಿ. ತಿದ್ದಬೇಕು."

ಖಂಡೇಪೂಜೆಯ ದಿನ ಅಂಗಳದಲ್ಲಿ ಪರದೆ ಕಟ್ಟಿ ಆ ಸಿನಿಮಾ ತೋರಿಸಿದರು. ಕಬ್ಬಿನ ಟ್ರೇಲರು, ಕಿತ್ತೂರಿನ ಹೈವೇ, ಗೆದ್ದ ಕಾರುಗಳು, ಎಲ್ಲ ಬಂದಾದ ಮೇಲೆ ಪರದೆಯ ಮೇಲೆ ನಿಜಗುಣಪ್ಪ ಮುರಿದ ತುಂಡನ್ನು ಹಿಡಿದು ಕುಳಿತಿದ್ದರು. "ದನಿ ಕೇಳಿಸದ ಒಂದ ಆಕ್ಸಲ್ ಈ ಬಾಗಲಾ ದಾಟೇತಿ. ಸಾಲಹಳ್ಳಿ ಕಾಂತೇಶ ತಿರುವು ತಪ್ಪಿಸಲಿಲ್ಲ. ಅಂವನಂಥಾ ಡ್ರೈವರ್ ನಾ ನೋಡಿಲ್ಲ. ತಪ್ಪ ನಮ್ಮದು," ಎಂದರು. ಹೊರಗಿನಿಂದ ಬಂದಿದ್ದ ಒಬ್ಬಿಬ್ಬರು ಗಿರಾಕಿಗಳು ಊಟಕ್ಕೆ ನಿಲ್ಲದೆ ಹೋದರು. ಹೋಗುವವರನ್ನು ನಿಜಗುಣಪ್ಪ ಗೇಟಿನ ತನಕ ಕಳಿಸಿ ಬಂದರು.

ಈ ಸಲ ಆಕ್ಸಲ್ಲುಗಳಿಗೆ ಯಾರೂ ಕುಂಕುಮ ಇಡಲಿಲ್ಲ. ಬಿಳಿ ವಿಭೂತಿ ಎಳೆದರು. ಕಾಂತೇಶನಿಗೆಂದು ಮುಂದಿನ ಸಾಲಿನಲ್ಲಿ ಹಾಕಿದ್ದ ಕುರ್ಚಿ ಖಾಲಿಯೇ ಉಳಿಯಿತು.

ಮರುದಿನ ಮಹಾನಂದಾ ಮುರಗೋಡ, ಯರಗಟ್ಟಿ ಮೇಲೆ ಸಾಲಹಳ್ಳಿಗೆ ಹೋಗುವ ಬಸ್ಸು ಹತ್ತಿದಳು. ಸೀರೆಯ ಸೆರಗಿನಲ್ಲಿ ಬನ್ನಿ ಎಲೆ, ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಹೊಸ ಆಕ್ಸಲ್, ಚೀಲದಲ್ಲಿ ಪಾನಾ. ಅಂಗಡಿಯ ಮಶೀನಿಗೆ ಪೂಜೆ ಮಾಡುವ ಮೊದಲು ತಾನೇ ಕುಳಿತು ಮಾಡಿದ ಆಕ್ಸಲ್ ಅದು. ಕಂಡಕ್ಟರ್ ನೋಡಿ, "ಹಬ್ಬಕ್ಕ ಎಲ್ಲಾರೂ ಕರಜೀಕಾಯಿ ಒಯ್ತಾರ, ನೀವೇನ್ರಿ ಅಕ್ಕಾರ, ಗಾಡೀನ ಒಯ್ಯಾಕತ್ತೀರಿ?" ಎಂದ. ಅವಳಿಗೆ ನಗು ಬರಲಿಲ್ಲ. ಬಾಗಿಲಲ್ಲೇ ಹೋಗು ಎಂದರೆ ಹೋಗುವುದು, ಆದರೆ ಕೇಳಿಸಿ ಹೋಗುವುದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಸಾಲಹಳ್ಳಿಯ ಮನೆಯ ಬಾಗಿಲಲ್ಲಿ ಅವನ ತಾಯಿ ರಾಯವ್ವ ಕುಳಿತಿದ್ದರು. ಮಹಾನಂದಾ ಬನ್ನಿ ಕೊಟ್ಟು ಕಾಲಿಗೆರಗಿದಳು.

"ಅಂವಾ ಎಲ್ಲಾ ಹೇಳ್ಯಾನ," ಎಂದರು ರಾಯವ್ವ, ಎಲೆಯನ್ನು ಕಣ್ಣಿಗೊತ್ತಿಕೊಂಡು. "ನನ್ನ ಸಿಟ್ಟ ಇನ್ನೂ ಹೋಗಿಲ್ಲ ತಂಗಿ, ಸುಳ್ಳ ಯಾಕ ಹೇಳಲಿ. ಆದ್ರ ಬನ್ನಿ ಕೊಡಾಕ ಬಂದವರನ್ನ ಹೊರಗ ನಿಲ್ಲಸಂಗಿಲ್ಲ. ಹಿತ್ತಲದಾಗ ಅದಾನ, ಹೋಗು."

ಹಿತ್ತಲಿನ ಬೇವಿನ ಮರದಡಿ ಆ ಜಿಪ್ಸಿ ನಿಂತಿತ್ತು. ಒಂದು ಕಡೆ ಇನ್ನೂ ನೆಗ್ಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕುಳಿತಿತ್ತು. ಕಾಂತೇಶ ಬಾನೆಟ್ ತೆರೆದು ಒಳಗೆ ಬಗ್ಗಿದ್ದ. ಯಾವ ತಿರುವಿನಿಂದಲೋ ಈಗಷ್ಟೇ ಹೊರಬಂದವನಂತೆ ಕಾಣುತ್ತಿದ್ದ.

"ಮಧು ಸಿನಿಮಾ ಕಳಸಿದ್ಲು," ಎಂದ, ತಲೆ ಎತ್ತದೆ. "ನಿಮ್ಮಪ್ಪಾರು ನನ್ನನ್ನ ಭಾಳ ಹೊಗಳ್ಯಾರ."

"ಹೊಗಳಿಲ್ರಿ. ಇದ್ದದ್ದ ಹೇಳ್ಯಾರ."

ಅವಳು ಗೋಣಿಚೀಲ ಬಿಚ್ಚಿದಳು. ಆಕ್ಸಲ್ಲನ್ನು ಮರದ ಕೊಂಬೆಗೆ ಹಗ್ಗದಿಂದ ತೂಗುಹಾಕಿದಳು. ಗಂಟು ಎರಡು ಸಲ ಜಾರಿತು. ಅವನು ನೋಡುತ್ತಿದ್ದ, ಸಹಾಯಕ್ಕೆ ಬರಲಿಲ್ಲ. ಇದನ್ನು ಅವಳೇ ಮಾಡಬೇಕೆಂದು ಅವನಿಗೂ ಅನಿಸಿರಬೇಕು.

ಪಾನಾದಿಂದ ಹೊಡೆದಳು. ದನಿ ಹಿತ್ತಲು ತುಂಬಿತು. ಕೋಳಿ ಗಾಬರಿಯಾಗಿ ಕತ್ತೆತ್ತಿತು. ದನಿ ಸಣ್ಣಗಾಗುತ್ತ ಹೋಗಿ ಎಲ್ಲಿ ಮುಗಿಯಿತೆಂದು ತಿಳಿಯದಂತಾಗುವ ತನಕ ಇಬ್ಬರೂ ಕೇಳುತ್ತ ನಿಂತರು.

ಕಾಂತೇಶ ಹತ್ತಿರ ಬಂದ. ಪಾನಾಕ್ಕೆ ಕೈ ಚಾಚಿದ, ಎಡಗೈಯನ್ನೇ. ಬೆರಳುಗಳು ಅದನ್ನು ಹಿಡಿಯುವಷ್ಟು ಮಾತ್ರ ಮಡಚಿದವು. ಅವನೂ ಒಮ್ಮೆ ಹೊಡೆದ. ಪೆಟ್ಟು ಮೆತ್ತಗಿತ್ತು. ಆದರೂ ಆಕ್ಸಲ್ ಗಂಟೆಯ ಹಾಗೆಯೇ ಮಾತಾಡಿತು.

"ಆವತ್ತ ಬ್ಯಾಡ ಅಂದಂವಾ ನಾನ," ಎಂದ. "ನೀವು ಪಾನಾ ಹುಡಕಾಕತ್ತಿದ್ರಿ. ನಾ ತಡದೆ. ಈ ನಾಕೈದ ದಿನಾ ಅದನ್ನೂ ವಿಚಾರ ಮಾಡೇನಿ."

"ನೀವು ಚಾಷ್ಟಿ ಮಾಡಿದ್ರಿ. ಹೊಡೀಬೇಕಾದಾಕಿ ನಾನು. ನಿಮ್ಮ ಪಾಲ ತಗೋಬ್ಯಾಡ್ರಿ, ನನಗ ಅದು ಇನ್ನೂ ಭಾರ ಆಗತೈತಿ."

ಅವಳು ಸೆರಗಿನ ಗಂಟು ಬಿಚ್ಚಿ ಬನ್ನಿ ಎಲೆಯನ್ನು ಅವನ ಎಡ ಅಂಗೈಯಲ್ಲಿಟ್ಟಳು. ಗಾಯವಾದ ಮೇಲೆ ಆ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಬನ್ನಿ ತಗೋರಿ. ಬಂಗಾರದಂಗ ಇರ್ರಿ."

"ನಾ ಒಬ್ಬಾಂವನ ಇರಬೇಕೇನು?"

ಅವಳು ತಲೆ ಎತ್ತಿದಳು. ಅವನ ತುಟಿಯ ಬಲಗಡೆ ನಗು ಇರಲಿಲ್ಲ. ಕಣ್ಣಿನಲ್ಲಿ ಮಾತ್ರ ಸ್ವಲ್ಪ ಇತ್ತು.

"ನಿಮ್ಮನ್ನ ಕೇಳೂ ಮುಖಾ ನನಗಿಲ್ಲ," ಎಂದಳು.

"ಸಿಟ್ಟ ಐತಿ," ಎಂದ ಕಾಂತೇಶ. "ಹೋಗೇತಿ ಅಂತ ಸುಳ್ಳ ಹೇಳಂಗಿಲ್ಲ. ಮುಂಜಾನೆದ್ದ ಕೂಡಲೆ ಸಿಟ್ಟ ಬರತೈತಿ. ಆಮ್ಯಾಲ ಚಾ ಕುಡಿಯೂ ಮುಂದ ನಿಮ್ಮ ನೆನಪ ಬರತೈತಿ. ಎರಡೂ ಒಂದ ಮನ್ಯಾಗ ಇರಾಕತ್ತಾವು. ನಾ ಏನ ಮಾಡ್ಲಿ ಹೇಳ್ರಿ?"

ಈಗ ಮಾತ್ರ ಅವಳಿಗೆ ಅಳು ತಡೆಯಲಾಗಲಿಲ್ಲ. ಬೇವಿನ ಮರಕ್ಕೆ ಮುಖ ತಿರುಗಿಸಿ ಅತ್ತಳು. ಅವನು ಬನ್ನಿ ಎಲೆಯನ್ನು ಅಂಗಿಯ ಜೇಬಿಗಿಟ್ಟುಕೊಂಡು ಕಾದ.

"ಹಬ್ಬದ ದಿನಾ ವಾಪಸ್ ಬಸ್ ಸಿಗೂದು ತ್ರಾಸ ಐತಿ," ಎಂದ ಆಮೇಲೆ. "ಯರಗಟ್ಟಿತನಕಾ ಬಿಡತೇನಿ, ಬರ್ರಿ."

ಎಲ್ ಬೋರ್ಡಿನ ಕಾರಿನ ಹತ್ತಿರ ಹೋಗಿ ಅವಳು ಎಡಗಡೆಯ ಬಾಗಿಲಿಗೆ ಕೈ ಹಾಕಿದಳು. ಅವನು ಬಲಗಡೆಯ ಬಾಗಿಲು ತೆರೆದು ಹಿಡಿದಿದ್ದ.

"ಆ ಕಡೆ ಅಲ್ಲ. ಇಲ್ಲಿ ಕುಂದರ್ರಿ."

"ನನಗ ಗಾಡಿ ಓಡಸಾಕ ಬರಂಗಿಲ್ಲ! ಗೊತ್ತೈತೆಲ್ಲ ನಿಮಗ?"

"ಊರಿಗೆಲ್ಲಾ ರೇಸಿನ ಆಕ್ಸಲ್ ಮಾರತೀರಿ, ಗಾಡಿ ಓಡಸಾಕ ಬರಂಗಿಲ್ಲ. ಕುಂದರ್ರಿ. ನನ್ನ ಕಡೆನೂ ಒಂದ ಬ್ರೇಕ್ ಐತಿ."

"ನಾ ಓಡಸೂ ಗಾಡ್ಯಾಗ ನೀವು ಕುಂದರತೀರೇನು?" ಅವಳ ದನಿ ಸಣ್ಣದಾಯಿತು. ಅವಳು ಕಾರಿನ ಬಗ್ಗೆ ಮಾತ್ರ ಕೇಳಿರಲಿಲ್ಲ.

ಕಾಂತೇಶ ಎಡಗಡೆಯ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡ. ಅದೇ ಉತ್ತರವಾಗಿತ್ತು.

ಅವಳು ಕೀಲಿ ತಿರುಗಿಸಿದಳು. ಕ್ಲಚ್ ಬಿಟ್ಟಳು. ಕಾರು ಒಂದು ಸಲ ಜಿಗಿದು ನಿಂತಿತು. ಬಾಗಿಲಲ್ಲಿದ್ದ ರಾಯವ್ವ ಬಾಯಿಗೆ ಸೆರಗು ಹಿಡಿದರು. ಇನ್ನೊಮ್ಮೆ ಮಾಡಿದಳು, ಈ ಸಲ ಹೊರಟಿತು. ಸಂಜೆ ಬಿಸಿಲಿನಲ್ಲಿ ಎರಡೂ ಕಡೆ ಗೋವಿನಜೋಳದ ಹೊಲ, ಎದುರಿಗೆ ನೇರ ರಸ್ತೆ. ಗೇರು ಸಿಗದೆ ಒದ್ದಾಡಿದಾಗ ಅವನ ಬಲಗೈ ಅವಳ ಕೈ ಮೇಲೆ ಬಂದು ಗೇರನ್ನು ಎರಡಕ್ಕೆ ತಳ್ಳಿ, ಅಲ್ಲೇ ಉಳಿಯಿತು.

"ಒಂದ ಒಪ್ಪಂದಾ ಮಾಡಿಕೊಳ್ಳೂಣೇನ್ರಿ?" ಎಂದ, ರಸ್ತೆಯನ್ನೇ ನೋಡುತ್ತ. "ನೀವು ಗಾಡಿ ಕಲಿಯೂತನಕಾ ನಾ ಸಿಟ್ಟ ಇಟ್ಕೋತೇನಿ. ಕಲತ ದಿನಾ ಬಿಡತೇನಿ. ದಿನಾ ಕ್ಲಾಸಿಗೆ ಬರಬೇಕಾಗತೈತಿ ಮತ್ತ."

ಮಹಾನಂದಾ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಳು. "ಹಂಗಾರ ಗಡಾನ ಕಲೀತೇನ್ರಿ, ಎಂಟ ದಿನದಾಗ. ಆ ಸಿಟ್ಟ ಹೋಗಬೇಕು ನನಗ."

ಹೊಲಗಳು ಹಿಂದೆ ಸರಿದವು. ಅವನ ತುಟಿಯ ಬಲಗಡೆ ಶುರುವಾದ ನಗು ಯೋಚನೆ ಮಾಡುತ್ತ ಎಡಗಡೆಗೆ ಬರುತ್ತಿತ್ತು. ಅವಳಿಗೆ ಅದು ಕಾಣಲಿಲ್ಲ. ಈ ಸಲ ಅವಳು ಅವನನ್ನು ನೋಡದೆ ರಸ್ತೆಯನ್ನೇ ನೋಡುತ್ತಿದ್ದಳು.

"ಅಷ್ಟ ಗಡಾನ ಕಲೀಬ್ಯಾಡ್ರಿ," ಎಂದ ಕಾಂತೇಶ.